ಜೊತೆಯಾಗಿ ಆಳೋಕೆ ಯಾವ ಒಪ್ಪಂದ ಒಳ್ಳೇದು? ಆಸ್ಟ್ರೇಲಿಯಾ ರಾಜ್ಯಗಳ ಮೈತ್ರಿ ಸಂಪುಟಗಳ ಹೋಲಿಕೆ

ಆಸ್ಟ್ರೇಲಿಯಾದಲ್ಲಿ ಲಿಬರಲ್ ಮತ್ತು ನ್ಯಾಷನಲ್ ಪಕ್ಷಗಳು ಸೇರಿ ಆಳಿದರೆ ಅದಕ್ಕೆ ಕೊಯಲಿಷನ್ ಅಂತ ಒಂದೇ ಹೆಸರು. ಆದರೆ ನ್ಯೂ ಸೌತ್ ವೇಲ್ಸ್ ರಾಜಧಾನಿ ಸಿಡ್ನಿಯ ಕೊಯಲಿಷನ್ ಬೇರೆ, ಪಶ್ಚಿಮ ಆಸ್ಟ್ರೇಲಿಯಾದ ರಾಜಧಾನಿ ಪರ್ತ್‌ನದು ಬೇರೆ. ಕ್ವೀನ್ಸ್‌ಲ್ಯಾಂಡ್ ರಾಜಧಾನಿ ಬ್ರಿಸ್ಬೇನ್‌ನಲ್ಲಂತೂ ಈಗ ಎರಡು ಪಕ್ಷಗಳೇ ಇಲ್ಲ, ಒಂದಾಗಿಬಿಟ್ಟಿವೆ. ಸಂಪುಟ ರಚನೆಯಾದಾಗ ಅಥವಾ ಪುನಾರಚನೆಯಾದಾಗ ಯಾರ ಕೈ ಮೇಲಾಯಿತು ಅಂತ ತಿಳಿಯಬೇಕಾದರೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಲಿಬರಲ್ ಪಕ್ಷದ ಬಲ ಜಾಸ್ತಿ ಇರುವುದು ನಗರಗಳಲ್ಲಿ. ನ್ಯಾಷನಲ್ ಪಕ್ಷ ಹಿಂದೆ ಕಂಟ್ರಿ ಪಾರ್ಟಿ ಆಗಿತ್ತು. ರೈತರು, ಸಣ್ಣ ಪಟ್ಟಣಗಳು, ದೂರದ ಊರುಗಳೇ ಅದರ ನೆಲೆ. ಹಾಗಾಗಿ ಮೈತ್ರಿಯ ಪ್ರಶ್ನೆ ಅಂದರೆ ಅಸಲಿಗೆ ಊರು ಮತ್ತು ನಗರದ ನಡುವಿನ ಪ್ರಶ್ನೆ. ಸಣ್ಣ ಊರಿನ ಆಸ್ಪತ್ರೆ, ಶಾಲೆ, ರಸ್ತೆ, ನದಿ ನೀರಿನ ಪಾಲು ಇವೆಲ್ಲ ನಿರ್ಧಾರವಾಗುವುದು ಸಂಪುಟದ ಕೋಣೆಯಲ್ಲಿ. ಅಲ್ಲಿ ಸಣ್ಣ ಪಕ್ಷದ ಮಾತು ಎಷ್ಟು ನಡೆಯುತ್ತದೆ ಅನ್ನುವುದೇ ನನಗೆ ಮುಖ್ಯ. ಈ ಹೋಲಿಕೆಯನ್ನು ನಾನು ಆ ಕಡೆಯಿಂದಲೇ ನಿಂತು ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾದ ಪೌರತ್ವ ಪಡೆದ ಕನ್ನಡಿಗರಿಗೆ ಇದು ಬರೀ ಓದಿನ ವಿಷಯವೂ ಅಲ್ಲ. ಅಲ್ಲಿ ಮತದಾನ ಕಡ್ಡಾಯ.

ಮೈತ್ರಿ ಸಂಪುಟ ನೋಡಿದ ಕೂಡಲೇ ಎಲ್ಲರೂ ಮಂತ್ರಿಗಳ ತಲೆ ಎಣಿಸುತ್ತಾರೆ. ಇವರಿಗೆ ಎಷ್ಟು, ಅವರಿಗೆ ಎಷ್ಟು. ನನ್ನ ಪ್ರಕಾರ ಆ ಲೆಕ್ಕದಿಂದ ತಿಳಿಯುವುದು ಕಮ್ಮಿ. ಸಣ್ಣ ಪಕ್ಷದ ಮಂತ್ರಿಯನ್ನು ಹಾಕುವ, ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ? ಅವರಿಗೆ ಸಿಕ್ಕ ಖಾತೆಯ ಹಿಂದೆ ದುಡ್ಡಿದೆಯೇ? ಒಪ್ಪದ ವಿಷಯ ಬಂದಾಗ ಸಂಪುಟದಿಂದ ಹೊರಗೆ ಕೂರುವ ಹಕ್ಕನ್ನು ಮೊದಲೇ ಬರೆಸಿಕೊಂಡಿದ್ದಾರೆಯೇ? ಈ ಮೂರನ್ನು ನೋಡಿದರೆ ಮೈತ್ರಿಯ ಹಣೆಬರಹ ಅರ್ಧ ತಿಳಿದ ಹಾಗೆ.

ನ್ಯೂ ಸೌತ್ ವೇಲ್ಸ್: ಒಂದೇ ಮನೆ, ಎರಡು ಒಲೆ

2011ರ ಮಾರ್ಚ್‌ನಲ್ಲಿ ಬ್ಯಾರಿ ಒಫ್ಯಾರೆಲ್ ನೇತೃತ್ವದಲ್ಲಿ ಮೈತ್ರಿಕೂಟ 93ರಲ್ಲಿ 69 ಸೀಟು ಗೆದ್ದಿತು. ಲಿಬರಲ್ 51, ನ್ಯಾಷನಲ್ 18. ಬಹುಮತಕ್ಕೆ 47 ಸಾಕು. ಅಂದರೆ ಲಿಬರಲ್ ಪಕ್ಷ ಒಬ್ಬಂಟಿಯಾಗಿ ಆಳಬಹುದಿತ್ತು. ಆದರೂ ನ್ಯಾಷನಲ್ ಪಕ್ಷವನ್ನು ಕೈಬಿಡಲಿಲ್ಲ. 22 ಮಂತ್ರಿಗಳ ಸಂಪುಟದಲ್ಲಿ 7 ಸ್ಥಾನ ನ್ಯಾಷನಲ್ ಪಕ್ಷಕ್ಕೆ ಹೋಯಿತು. ಅದರ ನಾಯಕ ಆಂಡ್ರ್ಯೂ ಸ್ಟೋನರ್ ಉಪಮುಖ್ಯಮಂತ್ರಿ ಆದರು.

ಆ ಏಳು ಜನರ ಖಾತೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸ್ಟೋನರ್‌ಗೆ ವ್ಯಾಪಾರ, ಹೂಡಿಕೆ ಮತ್ತು ಪ್ರಾದೇಶಿಕ ಮೂಲಸೌಕರ್ಯ. ಡಂಕನ್ ಗೇಗೆ ರಸ್ತೆ. ಕಟ್ರೀನಾ ಹಾಜ್‌ಕಿನ್‌ಸನ್‌ಗೆ ಕೃಷಿ ಮತ್ತು ಅದರ ಸುತ್ತಲಿನ ಉದ್ಯಮಗಳು. ಡಾನ್ ಪೇಜ್‌ಗೆ ಸ್ಥಳೀಯ ಆಡಳಿತ. ಜಾರ್ಜ್ ಸೌರಿಸ್‌ಗೆ ಪ್ರವಾಸೋದ್ಯಮ. ಕೆವಿನ್ ಹಂಫ್ರೀಸ್‌ಗೆ ಮಾನಸಿಕ ಆರೋಗ್ಯ, ಜೊತೆಗೆ ರಾಜ್ಯದ ಪಶ್ಚಿಮ ಭಾಗದ ಹೊಣೆ. ಏಡ್ರಿಯನ್ ಪಿಕೋಲಿಗೆ ಶಿಕ್ಷಣ. ಇದರಲ್ಲಿ ಇಡೀ ರಾಜ್ಯವನ್ನು ಮುಟ್ಟುವ ದೊಡ್ಡ ಖಾತೆ ಅಂದರೆ ರಸ್ತೆ ಮತ್ತು ಶಿಕ್ಷಣ. ಹಣಕಾಸು ಇಲ್ಲ, ಆರೋಗ್ಯ ಇಲ್ಲ, ಯೋಜನೆಯೂ ಇಲ್ಲ.

ಹಣಕಾಸಿನ ಕಥೆಯಂತೂ ತುಂಬಾ ಹೇಳುತ್ತದೆ. 2011ರಿಂದ 2023ರವರೆಗೆ ಆ ಖಾತೆ ಮೈಕ್ ಬೇರ್ಡ್, ಆಂಡ್ರ್ಯೂ ಕಾನ್‌ಸ್ಟನ್ಸ್, ಗ್ಲಾಡಿಸ್ ಬೆರೆಜಿಕ್ಲಿಯನ್, ಡೊಮಿನಿಕ್ ಪೆರೊಟೆ, ಮ್ಯಾಟ್ ಕೀನ್ ಹೀಗೆ ಐದು ಜನರ ಕೈ ದಾಟಿತು. ಐವರೂ ಲಿಬರಲ್. ಅವರಲ್ಲಿ ಬೇರ್ಡ್, ಬೆರೆಜಿಕ್ಲಿಯನ್, ಪೆರೊಟೆ ಮೂವರೂ ಮುಂದೆ ಮುಖ್ಯಮಂತ್ರಿ ಆದರು. ಅಲ್ಲಿ ಈ ಹುದ್ದೆಗೆ ಪ್ರೀಮಿಯರ್ ಅನ್ನುತ್ತಾರೆ. ಹಣಕಾಸು ಖಾತೆಯಿಂದ ನೇರ ದಾರಿ ಇರುವುದು ಆ ಕುರ್ಚಿಗೆ, ಮತ್ತು ಆ ದಾರಿಯಲ್ಲಿ ನ್ಯಾಷನಲ್ ಪಕ್ಷದವರು ಕಾಲಿಡಲೇ ಇಲ್ಲ.

ಹಾಗಾದರೆ ಈ ಒಪ್ಪಂದದಲ್ಲಿ ಸಣ್ಣ ಪಕ್ಷಕ್ಕೆ ಸಿಗುವ ಲಾಭ ಏನು? ತನ್ನ ಮಂತ್ರಿಗಳನ್ನು ತಾನೇ ಆರಿಸುವ ಹಕ್ಕು. ಎದುರಾಳಿ ಲೇಬರ್ ಪಕ್ಷದಲ್ಲಿ ಶಾಸಕರ ಗುಂಪು ಮಂತ್ರಿಗಳನ್ನು ಚುನಾಯಿಸುತ್ತದೆ, ನಾಯಕರು ಖಾತೆ ಹಂಚುತ್ತಾರೆ. ಲಿಬರಲ್ ಪಕ್ಷದಲ್ಲಿ ಎರಡೂ ನಾಯಕರ ಕೈಯಲ್ಲೇ. ಮೈತ್ರಿಯಲ್ಲಿ ನ್ಯಾಷನಲ್ ಪಾಲಿನ ಹೆಸರುಗಳನ್ನು ಕೊಡುವುದು ಅವರ ನಾಯಕರು. ಪ್ರೀಮಿಯರ್ ಅದನ್ನು ಒಪ್ಪಿಕೊಂಡು ಪಟ್ಟಿಯನ್ನು ರಾಜ್ಯಪಾಲರಿಗೆ ಕೊಡುತ್ತಾರೆ. ಮನೆ ಒಂದೇ ಆದರೂ ಅಡುಗೆ ಬೇರೆ ಬೇರೆ.

ಆದರೆ ಪ್ರಮಾಣವಚನ ಆದಮೇಲೆ ಸಂಪುಟದ ಶಿಸ್ತು ಎಲ್ಲರಿಗೂ ಒಂದೇ. ಅದು ಎಷ್ಟು ಬಿಗಿ ಅಂತ ಗೊತ್ತಾಗಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಮರಗಳ ಮೇಲೆ ಬದುಕುವ ಕೊಆಲಾ ಅನ್ನುವ ಪ್ರಾಣಿಯ ವಿಷಯದಲ್ಲಿ. ಕೊಆಲಾಗಳ ನೆಲೆಯನ್ನು ಕಾಪಾಡುವ ಯೋಜನಾ ನಿಯಮ ಹೊಸದಾಗಿ ಬಂದಿತ್ತು. ಕೊಆಲಾ ನೆಲೆ ಅಂತ ಗುರುತಿಸಲು ಬಳಸುವ ಮರಗಳ ಪಟ್ಟಿ 10 ಜಾತಿಯಿಂದ 123ಕ್ಕೆ ಏರಿತ್ತು. ಇದರಿಂದ ತಮ್ಮ ಸ್ವಂತ ಜಮೀನಿನಲ್ಲೇ ಕೈಕಟ್ಟಿದ ಹಾಗಾಗುತ್ತದೆ ಅನ್ನುವುದು ರೈತರ ದೂರು. ನ್ಯಾಷನಲ್ ಪಕ್ಷದ ನಾಯಕ, ಉಪಮುಖ್ಯಮಂತ್ರಿ ಜಾನ್ ಬರಿಲಾರೊ ಸೆಪ್ಟೆಂಬರ್ 10ರಂದು ಒಂದು ಘೋಷಣೆ ಮಾಡಿದರು. ತಮ್ಮ ಪಕ್ಷ ಸರ್ಕಾರದ ಮಸೂದೆಗಳನ್ನು ಇನ್ನು ಬೆಂಬಲಿಸುವುದಿಲ್ಲ, ಸದನದಲ್ಲಿ ಪಕ್ಷೇತರರ ಸಾಲಿಗೆ ಸೇರುತ್ತದೆ. ಆದರೆ ಮಂತ್ರಿಗಿರಿ ಬಿಡುವುದಿಲ್ಲ!

ಆಗ ಮೈತ್ರಿಕೂಟದ ಬಲ 48 ಮಾತ್ರ. ಲಿಬರಲ್ 35, ನ್ಯಾಷನಲ್ 13. ಆ 13 ಹೋದರೆ ಸರ್ಕಾರಕ್ಕೆ ಬಹುಮತವೇ ಇಲ್ಲ. ಲೆಕ್ಕದ ಪ್ರಕಾರ ಬರಿಲಾರೊ ಕೈ ಮೇಲಿರಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. ಪ್ರೀಮಿಯರ್ ಬೆರೆಜಿಕ್ಲಿಯನ್ ಮರುದಿನ ಬೆಳಿಗ್ಗೆ 9 ಗಂಟೆಯ ಗಡುವು ಕೊಟ್ಟರು. ಮಂತ್ರಿಯೂ ಆಗಿ ಸರ್ಕಾರದ ಹೊರಗೂ ಕೂರಲು ಆಗುವುದಿಲ್ಲ, ಹಾಗೆ ಮಾಡುವುದಾದರೆ ರಾಜೀನಾಮೆ ಕೊಡಿ, ಇಲ್ಲದಿದ್ದರೆ ರಾಜ್ಯಪಾಲರ ಬಳಿ ಹೋಗಿ ಹೊಸ ಸಂಪುಟಕ್ಕೆ ಪ್ರಮಾಣ ಮಾಡಿಸುತ್ತೇನೆ ಅಂದರು. ಬೆಳಗಾಗುವಷ್ಟರಲ್ಲಿ ನ್ಯಾಷನಲ್ ಪಕ್ಷ ಹಿಂದೆ ಸರಿಯಿತು. ವಿಷಯ ಸಂಪುಟದ ಮುಂದೆ ಬರುತ್ತದೆ, ಸಂಪುಟದ ರೀತಿ ರಿವಾಜು ಪಾಲಿಸುತ್ತೇವೆ ಅಂತ ಇಬ್ಬರೂ ಸೇರಿ ಹೇಳಿಕೆ ಕೊಟ್ಟರು.

ಬರಿಲಾರೊ ಎತ್ತಿದ ವಿಷಯ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನಾನು ನೋಡುವುದು ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನು. ಸಂಪುಟದಲ್ಲಿದ್ದುಕೊಂಡೇ ಒಂದು ವಿಷಯದಲ್ಲಿ ಹೊರಗೆ ನಿಲ್ಲುವ ಹಕ್ಕು ಅವರಿಗೆ ಇರಲಿಲ್ಲ. ಹಾಗಾಗಿ ಉಳಿದದ್ದು ಎರಡೇ ದಾರಿ: ಸುಮ್ಮನಿರುವುದು, ಇಲ್ಲವೇ ಸರ್ಕಾರವನ್ನೇ ಬೀಳಿಸುವುದು. ಶಿಸ್ತಿನ ಬಿಸಿ ದೊಡ್ಡ ಪಕ್ಷದವರಿಗೂ ತಟ್ಟುತ್ತದೆ ಅನ್ನಿ. ಅದೇ ನವೆಂಬರ್‌ನಲ್ಲಿ ಇದೇ ಜಗಳಕ್ಕೆ ಸಂಬಂಧಿಸಿದ ಮಸೂದೆ ಮೇಲ್ಮನೆಗೆ ಬಂದಾಗ ಲಿಬರಲ್ ಸದಸ್ಯೆ ಕ್ಯಾಥರೀನ್ ಕ್ಯೂಸಾಕ್ ಸರ್ಕಾರದ ವಿರುದ್ಧ ಮತ ಹಾಕಿದರು. ಸಂಸದೀಯ ಕಾರ್ಯದರ್ಶಿ ಸ್ಥಾನದಿಂದ ಅವರನ್ನು ತೆಗೆದುಹಾಕಲಾಯಿತು.

ಪಶ್ಚಿಮ ಆಸ್ಟ್ರೇಲಿಯಾ: ಕೈ ಜೋಡಿಸಿಯೂ ಕೈ ಕಟ್ಟಿಸಿಕೊಳ್ಳದ ದಾರಿ

ಇನ್ನೊಂದು ತುದಿಯಲ್ಲಿ ಪರ್ತ್ ಇದೆ. 2008ರ ಸೆಪ್ಟೆಂಬರ್ 6ರ ಚುನಾವಣೆಯಲ್ಲಿ 59 ಸೀಟಿನ ಕೆಳಮನೆಯಲ್ಲಿ ಲೇಬರ್‌ಗೆ 28, ಲಿಬರಲ್‌ಗೆ 24, ನ್ಯಾಷನಲ್‌ಗೆ 4, ಪಕ್ಷೇತರರಿಗೆ 3 ಬಂತು. ನಾಲ್ಕೇ ಸೀಟು. ಆದರೆ ನ್ಯಾಷನಲ್ ನಾಯಕ ಬ್ರೆಂಡನ್ ಗ್ರಿಲ್ಸ್ ಚುನಾವಣೆಗೆ ಮೊದಲೇ ಒಂದು ಮಾತು ಹೇಳಿಟ್ಟಿದ್ದರು. ನಾವು ಯಾರ ಬಾಲವೂ ಅಲ್ಲ, ನಮ್ಮ ಬೇಡಿಕೆ ಒಪ್ಪಿದವರ ಜೊತೆ ಹೋಗುತ್ತೇವೆ ಅನ್ನುವುದು ಅದರ ತಾತ್ಪರ್ಯ. ಬೇಡಿಕೆ ಒಂದೇ: ಗಣಿ ಮತ್ತು ತೈಲದಿಂದ ರಾಜ್ಯಕ್ಕೆ ಬರುವ ರಾಯಧನದ ಶೇ. 25ರಷ್ಟು ಮೊತ್ತ ರಾಜಧಾನಿಯ ಹೊರಗಿನ ಊರುಗಳಿಗೆ ಹೋಗಬೇಕು, ಅದೂ ಈಗ ಕೊಡುವುದರ ಮೇಲೆ.

ಗ್ರಿಲ್ಸ್ ನಿಜಕ್ಕೂ ಎರಡೂ ಕಡೆ ಮಾತಾಡಿದರು. ಲೇಬರ್‌ನ ಅಲನ್ ಕಾರ್ಪೆಂಟರ್ ಜೊತೆಗೂ, ಲಿಬರಲ್‌ನ ಕಾಲಿನ್ ಬಾರ್ನೆಟ್ ಜೊತೆಗೂ. ಸುಮಾರು ಒಂದು ವಾರ ಇಡೀ ರಾಜ್ಯ ಕಾಯಿತು. ಸೆಪ್ಟೆಂಬರ್ 14ರಂದು ಬಾರ್ನೆಟ್ ಕಡೆ ಹೋಗುವ ತೀರ್ಮಾನ ಬಂತು. ಸಂಪುಟದಲ್ಲಿ ಮೂವರಿಗೆ ಸ್ಥಾನ ಸಿಕ್ಕಿತು: ಗ್ರಿಲ್ಸ್‌ಗೆ ಪ್ರಾದೇಶಿಕ ಅಭಿವೃದ್ಧಿ, ಟೆರಿ ರೆಡ್‌ಮನ್‌ಗೆ ಕೃಷಿ, ಟೆರಿ ವಾಲ್ಡ್ರನ್‌ಗೆ ಕ್ರೀಡೆ. ಪಕ್ಷೇತರರಾದ ಲಿಜ್ ಕಾನ್‌ಸ್ಟೇಬಲ್‌ಗೆ ಶಿಕ್ಷಣ ಖಾತೆ ಕೊಟ್ಟರು.

ಇಲ್ಲಿ ಗಮನಿಸಬೇಕಾದದ್ದು ಗ್ರಿಲ್ಸ್ ಬಿಟ್ಟುಕೊಟ್ಟದ್ದನ್ನು. ಉಪಮುಖ್ಯಮಂತ್ರಿ ಪಟ್ಟ ಅವರಿಗೆ ಬರಲಿಲ್ಲ, ಅದು ಲಿಬರಲ್‌ನ ಕಿಮ್ ಹೇಮ್ಸ್‌ಗೆ ಹೋಯಿತು. ಕೊಯಲಿಷನ್ ಅನ್ನುವ ಹೆಸರನ್ನೂ ಇಟ್ಟುಕೊಳ್ಳಲಿಲ್ಲ, ಬರೀ ಮೈತ್ರಿ ಅಂದರು. ಬದಲಿಗೆ ಪಡೆದದ್ದು ರಾಯಧನದ ಪಾಲು ಮತ್ತು ತಮ್ಮ ಮತದಾರರಿಗೆ ಮುಖ್ಯವಾದ ವಿಷಯ ಬಂದಾಗ ಸಂಪುಟದ ತೀರ್ಮಾನದಿಂದ ಹೊರಗೆ ಉಳಿಯುವ ಅವಕಾಶ. ಬರಿಲಾರೊ ಬಳಿ ಇಲ್ಲದ್ದು ಇದೇ. 2009ರಲ್ಲಿ ರಾಯಧನದ ವಿಷಯ ಕಾನೂನೇ ಆಯಿತು. ಮಂತ್ರಿ ಬದಲಾದರೆ ಕರಗಿಹೋಗುವ ಭರವಸೆ ಬೇರೆ, ಕಾನೂನಿನಲ್ಲಿ ಕೂತ ದುಡ್ಡು ಬೇರೆ.

2013ರಲ್ಲಿ ಲಿಬರಲ್ ಪಕ್ಷ 31 ಸೀಟು ಗೆದ್ದು ಸ್ವಂತ ಬಹುಮತ ಪಡೆಯಿತು. ನ್ಯಾಷನಲ್ ಪಕ್ಷಕ್ಕೆ 7. ಬಾರ್ನೆಟ್ ಆಗಲೂ ಮೈತ್ರಿ ಮುಂದುವರಿಸಿದರು. ಆದರೆ ಚೌಕಾಸಿಯ ಬಲ ಮೊದಲಿನ ಹಾಗೆ ಇರಲಿಲ್ಲ. ಈ ಮಾದರಿಯ ದುರ್ಬಲ ಜಾಗ ಇದು. ಯಾರಿಗೂ ಬಹುಮತ ಬರದ ಸದನದಲ್ಲಿ ಇದರಷ್ಟು ಒಳ್ಳೆ ಒಪ್ಪಂದ ಇನ್ನೊಂದಿಲ್ಲ. ದೊಡ್ಡ ಪಕ್ಷ ತನ್ನ ಕಾಲ ಮೇಲೆ ನಿಂತ ದಿನ ಅದು ದೊಡ್ಡವರ ಮರ್ಜಿಗೆ ಬಿಟ್ಟದ್ದು. ನಂಟು ಸಡಿಲ ಇದ್ದರೆ ಜಗಳಕ್ಕೂ ಜಾಗ ಜಾಸ್ತಿ. 2017ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ಮೇಲ್ಮನೆಯ ಪ್ರಾಶಸ್ತ್ಯ ಮತಗಳಲ್ಲಿ (ತನ್ನ ಮತ ಮುಂದೆ ಯಾರಿಗೆ ಹೋಗಬೇಕು ಅನ್ನುವ ಕ್ರಮದಲ್ಲಿ) ನ್ಯಾಷನಲ್‌ಗಿಂತ ಮೇಲೆ ಬಲಪಂಥೀಯ ಒನ್ ನೇಷನ್ ಪಕ್ಷವನ್ನು ಇಟ್ಟಿತು. ಗ್ರಿಲ್ಸ್ ಕೂಡ ದೊಡ್ಡ ಕಬ್ಬಿಣದ ಗಣಿ ಕಂಪನಿಗಳ ಮೇಲೆ ಟನ್‌ಗೆ 25 ಸೆಂಟ್ ಇದ್ದ ಬಾಡಿಗೆಯನ್ನು 5 ಡಾಲರ್‌ಗೆ ಏರಿಸುವ ಮಾತು ಎತ್ತಿದ್ದರು. ಕಂಪನಿಗಳು ವಿರುದ್ಧ ದೊಡ್ಡ ಪ್ರಚಾರ ಮಾಡಿದವು. ಅವರು ಪಿಲ್ಬಾರಾ ಕ್ಷೇತ್ರದಲ್ಲಿ ಸೋತರು, ಸರ್ಕಾರವೂ ಬಿತ್ತು.

ಇದೇ ರಾಜ್ಯದಲ್ಲಿ 2021ರಲ್ಲಿ ಲಿಬರಲ್ ಪಕ್ಷ ಕೆಳಮನೆಯಲ್ಲಿ 2 ಸೀಟಿಗೆ ಇಳಿಯಿತು. ನ್ಯಾಷನಲ್ 4 ಉಳಿಸಿಕೊಂಡಿತು. ಅದರ ನಾಯಕಿ ಮಿಯಾ ಡೇವಿಸ್ ಅಧಿಕೃತ ವಿರೋಧ ಪಕ್ಷದ ನಾಯಕಿಯಾದರು. ತನ್ನ ಹೆಸರು, ಗುರುತು ಬಿಟ್ಟುಕೊಡದ ಸಣ್ಣ ಪಕ್ಷಕ್ಕೆ ಮಾತ್ರ ಇಂಥದ್ದು ಸಾಧ್ಯ.

ಕ್ವೀನ್ಸ್‌ಲ್ಯಾಂಡ್: ಜಗಳ, ರಾಜಿ, ವಿಲೀನ

ಇಲ್ಲಿ ಲೆಕ್ಕ ತಿರುಗಾಮುರುಗಾ. ವಿಲೀನಕ್ಕೆ ಮೊದಲು ದೊಡ್ಡಣ್ಣ ನ್ಯಾಷನಲ್ ಪಕ್ಷ, ಕಿರಿಯ ಪಾಲುದಾರ ಲಿಬರಲ್. ನ್ಯಾಷನಲ್ ಪಕ್ಷದ ಪ್ರೀಮಿಯರ್ ಜೋ ಬ್ಯೆಲ್ಕ ಪೀಟರ್ಸನ್ ಕಾಲದಲ್ಲಿ ಲಿಬರಲ್ ನಾಯಕರಿಗೆ ಉಪಮುಖ್ಯಮಂತ್ರಿ ಪಟ್ಟದ ಜೊತೆ ಹಣಕಾಸು ಖಾತೆಯೂ ಸಿಗುತ್ತಿತ್ತು. ಗಾರ್ಡನ್ ಚಾಕ್, ಬಿಲ್ ನಾಕ್ಸ್, ಲ್ಯೂ ಎಡ್ವರ್ಡ್ಸ್ ಎಲ್ಲರೂ ಹಾಗೇ. 1996ರಲ್ಲಿ ರಾಬ್ ಬೊರ್ಬಿಡ್ಜ್ ಪ್ರೀಮಿಯರ್ ಆದಾಗಲೂ ಲಿಬರಲ್ ನಾಯಕಿ ಜೋನ್ ಶೆಲ್ಡನ್ ಹಣಕಾಸನ್ನೇ ಪಡೆದರು. ಕಿರಿಯ ಪಾಲುದಾರರಾದಾಗ ಲಿಬರಲ್‌ನವರು ಖಜಾನೆ ಕೇಳಿ ಪಡೆದಿದ್ದಾರೆ. ಸಿಡ್ನಿಯಲ್ಲಿ ನ್ಯಾಷನಲ್‌ನವರು ಅದನ್ನು ಪಡೆದಿಲ್ಲ. ಚೌಕಾಸಿಗೆ ಕೂರುವ ಯಾವ ಸಣ್ಣ ಪಕ್ಷವೂ ಈ ಉದಾಹರಣೆಯನ್ನು ಮರೆಯಬಾರದು.

ಆದರೆ ಖಜಾನೆ ಸಿಕ್ಕ ಮಾತ್ರಕ್ಕೆ ಮಾನ ಉಳಿಯುತ್ತದೆ ಅಂತಲ್ಲ. 1983ರ ಆಗಸ್ಟ್‌ನಲ್ಲಿ ಲಿಬರಲ್ ಮಂತ್ರಿ ಟೆರಿ ವೈಟ್, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ವಿಷಯ ಸದನದಲ್ಲಿ ಚರ್ಚೆಯಾಗಲಿ ಅಂತ ಲೇಬರ್ ಜೊತೆ ಮತ ಹಾಕಿದರು. ಪ್ರೀಮಿಯರ್ ಜೋ ವೈಟ್‌ರನ್ನು ಸಂಪುಟದಿಂದ ಕಿತ್ತುಹಾಕಿದರು. ಅದಕ್ಕೆ ಲಿಬರಲ್ ಶಾಸಕರು ಎಡ್ವರ್ಡ್ಸ್ ಅವರನ್ನು ಇಳಿಸಿ ವೈಟ್ ಅವರನ್ನೇ ನಾಯಕರನ್ನಾಗಿ ಮಾಡಿಕೊಂಡರು. ಅಂದರೆ ವಜಾ ಆದವರೇ ಈಗ ಉಪಮುಖ್ಯಮಂತ್ರಿ ಆಗಬೇಕು. ಜೋ ಒಪ್ಪಲೇ ಇಲ್ಲ. ಮೈತ್ರಿ ಮುರಿಯಿತು.

ಅಕ್ಟೋಬರ್‌ನಲ್ಲಿ ಚುನಾವಣೆ ನಡೆದಾಗ ನ್ಯಾಷನಲ್ ಪಕ್ಷ 82ರಲ್ಲಿ 41 ಗೆದ್ದಿತು. ಬಹುಮತಕ್ಕೆ ಒಂದೇ ಕಮ್ಮಿ. ಲಿಬರಲ್ ಪಕ್ಷ 8ಕ್ಕೆ ಕುಸಿಯಿತು. ಆ ಎಂಟರಲ್ಲಿ ಡಾನ್ ಲೇನ್ ಮತ್ತು ಬ್ರಯಾನ್ ಆಸ್ಟಿನ್ ಇಬ್ಬರು ನ್ಯಾಷನಲ್‌ಗೆ ಹಾರಿ ಮಂತ್ರಿಗಳಾದರು. ರಾಜೀನಾಮೆ ಇಲ್ಲ, ಮರುಚುನಾವಣೆ ಇಲ್ಲ. ನಮ್ಮಲ್ಲಿ 1985ರಲ್ಲಿ ಬಂದಂಥ ಪಕ್ಷಾಂತರ ನಿಷೇಧ ಕಾನೂನು ಅಲ್ಲಿ ಇಲ್ಲ. ಹಾಗಾಗಿ ಆಸ್ಟ್ರೇಲಿಯಾದ ಮೈತ್ರಿ ಓದುವಾಗ ಕರ್ನಾಟಕದ ಅಭ್ಯಾಸದಿಂದ ಓದಿದರೆ ದಾರಿ ತಪ್ಪುತ್ತದೆ. ಅಲ್ಲಿ ಶಾಸಕರು ಪಕ್ಷದ ವಿರುದ್ಧ ಮತ ಹಾಕಿದರೆ ಮಂತ್ರಿಗಿರಿ ಹೋಗಬಹುದು, ಮುಂದಿನ ಟಿಕೆಟ್ ಹೋಗಬಹುದು. ಶಾಸಕ ಸ್ಥಾನ ಹೋಗುವುದಿಲ್ಲ.

ಕೊನೆಗೆ 2008ರಲ್ಲಿ ಎರಡೂ ಪಕ್ಷಗಳು ಸೇರಿ ಲಿಬರಲ್ ನ್ಯಾಷನಲ್ ಪಕ್ಷ ಆಯಿತು. 2012ರಲ್ಲಿ ಕ್ಯಾಂಪ್‌ಬೆಲ್ ನ್ಯೂಮನ್ 89ರಲ್ಲಿ 78 ಸೀಟು ತಂದರು. 2015ರಲ್ಲಿ ಅವರ ಸ್ವಂತ ಕ್ಷೇತ್ರವೇ ಕೈಬಿಟ್ಟಿತು. 2024ರಲ್ಲಿ ಡೇವಿಡ್ ಕ್ರಿಸಾಫುಲ್ಲಿ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು. ವಿಲೀನದಿಂದ ಚುನಾವಣೆಯಲ್ಲಿ ಅನುಕೂಲ ಇದೆ: ಒಂದೇ ಕ್ಷೇತ್ರದಲ್ಲಿ ಇಬ್ಬರೂ ನಿಂತು ಕಿತ್ತಾಡುವುದು ತಪ್ಪುತ್ತದೆ. ಸಂಪುಟದಲ್ಲಿ ಮಾತ್ರ ಹಳ್ಳಿಗಾಡಿಗೆ ಅಂತ ಪಾಲಿಲ್ಲ, ಪಟ್ಟಿ ಪೂರ್ತಿ ಒಬ್ಬ ನಾಯಕರ ಕೈಯಲ್ಲಿ. ಆ ನಾಯಕರು ಊರುಗಳ ಕಡೆಯವರಾದರೆ ಸರಿ. ಇಲ್ಲದಿದ್ದರೆ ಕೇಳುವುದಕ್ಕೆ ಬೇರೆ ಬಾಗಿಲಿಲ್ಲ. ನನಗೆ ಈ ದಾರಿಯಲ್ಲಿ ನಂಬಿಕೆ ಕಡಿಮೆ.

ಅಪರೂಪದ ಒಂದು ದಾರಿ, ಮತ್ತು ವಿಕ್ಟೋರಿಯಾ

ದಕ್ಷಿಣ ಆಸ್ಟ್ರೇಲಿಯಾದಲ್ಲಿ ನ್ಯಾಷನಲ್ ಪಕ್ಷದ ಒಬ್ಬರೇ ಒಬ್ಬರು ಶಾಸಕಿ ಇದ್ದರು, ಚಾಫಿ ಕ್ಷೇತ್ರದ ಕಾರ್ಲೀನ್ ಮೇವಾಲ್ಡ್. 2004ರಲ್ಲಿ ಅವರು ಮೈಕ್ ರ‍್ಯಾನ್ ಅವರ ಲೇಬರ್ ಸಂಪುಟ ಸೇರಿದರು! ಮರ್ರಿ ನದಿಯ ಖಾತೆ ವಹಿಸಿಕೊಂಡರು. ಆಗ ಭೀಕರ ಬರ, ಅವರ ಕ್ಷೇತ್ರ ಬದುಕುವುದೇ ಆ ನದಿಯ ನೀರಿನಿಂದ. ತಮ್ಮ ಕ್ಷೇತ್ರಕ್ಕೆ ಬಾಧಿಸುವ ತೀರ್ಮಾನಗಳಿಂದ ಹೊರಗೆ ಉಳಿಯುವ ಹಕ್ಕು ಇವರ ಒಪ್ಪಂದದಲ್ಲೂ ಇತ್ತು. 2006ರಲ್ಲಿ ಲೇಬರ್‌ಗೆ ಸ್ವಂತ ಬಹುಮತ ಬಂದ ಮೇಲೂ ಅವರು ಮಂತ್ರಿಯಾಗಿಯೇ ಉಳಿದರು. 2010ರಲ್ಲಿ ಲಿಬರಲ್ ಅಭ್ಯರ್ಥಿಯ ಎದುರು ಸೋತರು. ಒಂದೇ ಸೀಟು, ಆದರೆ ತಮ್ಮವರಿಗೆ ಬೇಕಾದ ಖಾತೆ. ನನ್ನ ಕಣ್ಣಲ್ಲಿ ಇದು ಧೈರ್ಯದ ರಾಜಕಾರಣ. ಮತದಾರರು ಅದಕ್ಕೆ ಬೆಲೆ ಕೇಳಿದರು ಅನ್ನುವುದೂ ನಿಜ.

ವಿಕ್ಟೋರಿಯಾ ಬಹುಪಾಲು ಸಿಡ್ನಿಯ ದಾರಿಯದೇ. 1992ರಲ್ಲಿ ಜೆಫ್ ಕೆನೆಟ್ ಸ್ವಂತ ಬಹುಮತ ಇದ್ದರೂ ನ್ಯಾಷನಲ್‌ನವರನ್ನು ಸಂಪುಟಕ್ಕೆ ಸೇರಿಸಿಕೊಂಡರು. 1999ರಲ್ಲಿ ಸೋತ ಮೇಲೆ ಮೈತ್ರಿ ಮುರಿಯಿತು. 2008ರಲ್ಲಿ ವಿರೋಧ ಪಕ್ಷದಲ್ಲಿ ಇದ್ದಾಗಲೇ ಮತ್ತೆ ಕೂಡಿಕೊಂಡರು. 2010ರಲ್ಲಿ 88ರಲ್ಲಿ 45 ಬಂತು. ಇಷ್ಟು ಕಿರಿದಾದ ಬಹುಮತದಲ್ಲಿ ಸರ್ಕಾರವನ್ನು ಅಲುಗಾಡಿಸಿದ್ದು ಪಾಲುದಾರ ಪಕ್ಷ ಅಲ್ಲ. ಫ್ರಾಂಕ್‌ಸ್ಟನ್ ಕ್ಷೇತ್ರದ ಲಿಬರಲ್ ಶಾಸಕ ಜೆಫ್ ಶಾ 2013ರ ಮಾರ್ಚ್ 6ರಂದು ಪಕ್ಷ ಬಿಟ್ಟರು. ಅದೇ ದಿನ ಪ್ರೀಮಿಯರ್ ಟೆಡ್ ಬೇಲಿಯು ರಾಜೀನಾಮೆ ಕೊಟ್ಟರು. ಡೆನಿಸ್ ನ್ಯಾಪ್ತೀನ್ ಬಂದರು. 2014ರಲ್ಲಿ ಸರ್ಕಾರ ಒಂದೇ ಅವಧಿಗೆ ಮನೆಗೆ ಹೋಯಿತು.

ಪುನಾರಚನೆ: ಯಾವ ಬಗೆಯದು ಕಮ್ಮಿ ನಷ್ಟದ್ದು?

ಖಾಲಿಯಾದ ಒಂದು ಜಾಗ ತುಂಬುವುದು ಸುಲಭದ ಕೆಲಸ. ನ್ಯೂ ಸೌತ್ ವೇಲ್ಸ್‌ನಲ್ಲಿ 2014ರ ಮೇನಲ್ಲಿ ಭ್ರಷ್ಟಾಚಾರ ವಿರೋಧಿ ಆಯೋಗದ ವಿಚಾರಣೆಯಲ್ಲಿ ಹೆಸರು ಬಂದು ಪೊಲೀಸ್ ಮಂತ್ರಿ ಮೈಕ್ ಗ್ಯಾಲಕರ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಸ್ಟುವರ್ಟ್ ಏರ್ಸ್ ಬಂದರು. ಲಿಬರಲ್ ಜಾಗಕ್ಕೆ ಲಿಬರಲ್. ಪಾಲುದಾರರ ಲೆಕ್ಕ ಕದಲಲಿಲ್ಲ. ಇಂಥದ್ದಕ್ಕೆ ಮೈತ್ರಿಯೊಳಗೆ ಯಾರೂ ಕ್ಯಾತೆ ತೆಗೆಯುವುದಿಲ್ಲ.

ನಾಯಕರು ಬದಲಾದಾಗ ಆಗುವ ದೊಡ್ಡ ಪುನಾರಚನೆಯೇ ಅಪಾಯದ್ದು. ಅದೇ ರಾಜ್ಯದಲ್ಲಿ 2016ರ ನವೆಂಬರ್‌ನಲ್ಲಿ ಆರೆಂಜ್ ಕ್ಷೇತ್ರದ ಉಪಚುನಾವಣೆ ನಡೆಯಿತು. 1947ರಿಂದ ನ್ಯಾಷನಲ್ ಪಕ್ಷದ ಭದ್ರಕೋಟೆ ಅದು. ಸ್ಥಳೀಯ ಕೌನ್ಸಿಲ್‌ಗಳ ಬಲವಂತದ ವಿಲೀನ, ಗ್ರೇಹೌಂಡ್ ನಾಯಿ ಓಟದ ನಿಷೇಧ ಈ ಎರಡಕ್ಕೂ ಜನ ಸಿಟ್ಟಾಗಿದ್ದರು. ನಿಷೇಧವನ್ನು ವಾಪಸ್ ಪಡೆದರೂ ಸಿಟ್ಟು ಇಳಿಯಲಿಲ್ಲ. ಶೂಟರ್ಸ್, ಫಿಶರ್ಸ್ ಅಂಡ್ ಫಾರ್ಮರ್ಸ್ ಪಕ್ಷ 50 ಮತದಿಂದ ಗೆದ್ದಿತು. ನ್ಯಾಷನಲ್ ನಾಯಕ ಟ್ರಾಯ್ ಗ್ರಾಂಟ್ ಇಳಿದರು, ಬರಿಲಾರೊ ಬಂದರು. ಎರಡು ತಿಂಗಳಲ್ಲಿ ಪ್ರೀಮಿಯರ್ ಬೇರ್ಡ್ ಕೂಡ ಹೋದರು. 2017ರ ಜನವರಿ ಕೊನೆಯಲ್ಲಿ ಬೆರೆಜಿಕ್ಲಿಯನ್ ಹೊಸ ಸಂಪುಟ ಕಟ್ಟಿದರು.

ಆ ಪಟ್ಟಿಯಲ್ಲಿ ಪಿಕೋಲಿ ಹೆಸರು ಇರಲಿಲ್ಲ. ಆರು ವರ್ಷ ಹತ್ತಿರ ಶಿಕ್ಷಣ ಖಾತೆ ನೋಡಿಕೊಂಡವರು. ಶಾಲೆಗಳಿಗೆ ಅಗತ್ಯ ನೋಡಿ ದುಡ್ಡು ಹಂಚುವ ಗೊನ್ಸ್ಕಿ ಒಪ್ಪಂದಕ್ಕೆ 2013ರಲ್ಲಿ ದೇಶದಲ್ಲೇ ಮೊದಲು ಸಹಿ ಹಾಕಿದ ರಾಜ್ಯ ನ್ಯೂ ಸೌತ್ ವೇಲ್ಸ್. ಅದರ ಹಿಂದೆ ಇದ್ದವರು ಪಿಕೋಲಿ. ಅವರನ್ನು ಕೈಬಿಟ್ಟಿದ್ದು ಅವರದೇ ಪಕ್ಷದ ಹೊಸ ನಾಯಕರು. ಶಿಕ್ಷಣ ಖಾತೆ ಲಿಬರಲ್‌ನ ರಾಬ್ ಸ್ಟೋಕ್ಸ್‌ಗೆ ಹೋಯಿತು. ಅಂದರೆ ಸಣ್ಣ ಪಕ್ಷ ತನ್ನೊಳಗಿನ ಬದಲಾವಣೆಯ ಭರದಲ್ಲಿ ತನ್ನ ಅತಿ ದೊಡ್ಡ ಖಾತೆಯನ್ನೇ ಬಿಟ್ಟುಕೊಟ್ಟಿತು. ಪಿಕೋಲಿ ಅದೇ ವರ್ಷ ಶಾಸಕ ಸ್ಥಾನವನ್ನೂ ಬಿಟ್ಟರು. ಅವರ ಮರ್ರಿ ಕ್ಷೇತ್ರ 2019ರಲ್ಲಿ ನ್ಯಾಷನಲ್ ಕೈತಪ್ಪಿತು. ಶಿಕ್ಷಣ ಮತ್ತೆ ನ್ಯಾಷನಲ್ ಪಕ್ಷದ ಕೈಗೆ ಬಂದದ್ದು 2019ರಲ್ಲಿ, ಸಾರಾ ಮಿಚೆಲ್ ಮಂತ್ರಿಯಾದಾಗ. ತನ್ನ ಮಂತ್ರಿಯನ್ನು ತಾನೇ ಆರಿಸುವ ಹಕ್ಕು ಒಳ್ಳೆಯದೇ, ಆದರೆ ಆ ಹಕ್ಕನ್ನು ಹೀಗೂ ಬಳಸಬಹುದು ಅನ್ನುವುದು ನನಗೆ ಈಗಲೂ ಬೇಸರದ ವಿಷಯ.

ಮೂರನೆಯದು ಎರಡು ಹಂತದ ಪುನಾರಚನೆ. 2021ರ ಅಕ್ಟೋಬರ್ 1ರಂದು ಬೆರೆಜಿಕ್ಲಿಯನ್ ರಾಜೀನಾಮೆ ಘೋಷಿಸಿದರು. 3ರಂದು ಸಾರಿಗೆ ಮಂತ್ರಿ ಕಾನ್‌ಸ್ಟನ್ಸ್, 4ರಂದು ಬರಿಲಾರೊ. ಪ್ರೀಮಿಯರ್, ಉಪಮುಖ್ಯಮಂತ್ರಿ, ದೊಡ್ಡ ಖಾತೆಯ ಮಂತ್ರಿ ಮೂವರೂ ನಾಲ್ಕು ದಿನದಲ್ಲಿ ಹೊರಟರು. ಪೆರೊಟೆ ಮತ್ತು ಹೊಸ ನ್ಯಾಷನಲ್ ನಾಯಕ ಪಾಲ್ ಟೂಲ್ ಮೊದಲು ಕೆಲಸ ನಿಲ್ಲದ ಹಾಗೆ ಖಾಲಿ ಜಾಗ ತುಂಬಿದರು. ಪೂರ್ತಿ ಪುನಾರಚನೆ ಮಾಡಿದ್ದು ಡಿಸೆಂಬರ್ 21ರಂದು. ಅಷ್ಟರಲ್ಲಿ ಯಾವ ಖಾತೆ ಬೇಕು ಅಂತ ಯೋಚಿಸಲು ಸಮಯ ಸಿಕ್ಕಿತ್ತು. ದೊಡ್ಡ ನಗರಗಳ ಹೊರಗಿನ ಆಸ್ಪತ್ರೆಗಳ ದುಸ್ಥಿತಿ ಬಗ್ಗೆ ಮೇಲ್ಮನೆಯ ಸಮಿತಿ ಆಗ ವಿಚಾರಣೆ ನಡೆಸುತ್ತಿತ್ತು. ಹೊಸ ಪಟ್ಟಿಯಲ್ಲಿ ಪ್ರಾದೇಶಿಕ ಆರೋಗ್ಯ ಅಂತಲೇ ಒಂದು ಖಾತೆ ಬಂತು, ನ್ಯಾಷನಲ್‌ನ ಬ್ರಾನಿ ಟೇಲರ್‌ಗೆ. ಜನರ ದೂರು ನೇರವಾಗಿ ಸಂಪುಟದ ಪಟ್ಟಿಗೆ ಹತ್ತಿದ ಉದಾಹರಣೆ ಇದು. ಅವಸರದ ಪುನಾರಚನೆಗಿಂತ ಈ ಬಗೆ ಎಷ್ಟೋ ವಾಸಿ. ಆದರೂ ನಾಯಕರು ಶಾಸಕ ಸ್ಥಾನವನ್ನೂ ಬಿಟ್ಟು ಹೋದರೆ ಅದರ ದಂಡ ತಪ್ಪುವುದಿಲ್ಲ. 2022ರ ಫೆಬ್ರವರಿಯ ಉಪಚುನಾವಣೆಯಲ್ಲಿ ಕಾನ್‌ಸ್ಟನ್ಸ್ ಅವರ ಬೇಗಾ ಕ್ಷೇತ್ರ ಲೇಬರ್ ಪಾಲಾಯಿತು.

ಹಾಗಾದರೆ ಯಾರಿಗೆ ಯಾವುದು?

ಸದನ ಅತಂತ್ರವಾಗಿದ್ದು ಸಣ್ಣ ಪಕ್ಷದ ಬೆಂಬಲ ಇಲ್ಲದೆ ಯಾರೂ ಆಳಲು ಆಗದಿದ್ದರೆ, ಕಣ್ಣುಮುಚ್ಚಿ ಪರ್ತ್‌ನ ದಾರಿ ಹಿಡಿಯಬೇಕು. ಪಟ್ಟ ಬಿಟ್ಟು ಕಾನೂನು ಕೇಳಬೇಕು. ಎರಡೂ ಕಡೆ ಮಾತಾಡುವ ಧೈರ್ಯ ಇಲ್ಲದಿದ್ದರೆ ಮಾತ್ರ ಈ ದಾರಿ ಕೆಲಸ ಮಾಡದು, ಯಾಕೆಂದರೆ ಆಗ ದೊಡ್ಡ ಪಕ್ಷಕ್ಕೆ ಭಯವೇ ಇರುವುದಿಲ್ಲ.

ದೊಡ್ಡ ಪಕ್ಷಕ್ಕೆ ಸ್ವಂತ ಬಹುಮತ ಬರುವ ಲಕ್ಷಣ ಇದ್ದರೆ ಸಿಡ್ನಿಯ ದಾರಿ ಉತ್ತಮ. ಚುನಾವಣೆಗೆ ಮೊದಲೇ ಆದ ಗಟ್ಟಿ ಒಪ್ಪಂದ 2011ರಂಥ ಅಲೆಯಲ್ಲೂ ಸಣ್ಣ ಪಕ್ಷದ ಪಾಲು ಉಳಿಸುತ್ತದೆ. ಆದರೆ ಒಂದು ಷರತ್ತು ಸೇರಿಸಿಕೊಳ್ಳಿ ಅಂತ ನಾನು ಹೇಳುವೆ: ಜಮೀನು, ನೀರು, ಸ್ಥಳೀಯ ಕೌನ್ಸಿಲ್ ಇಂಥ ಎರಡು ಮೂರು ವಿಷಯಗಳಲ್ಲಾದರೂ ಹೊರಗೆ ಉಳಿಯುವ ಹಕ್ಕು ಬೇಕು. ಕೊಆಲಾ ಜಗಳ, ಆರೆಂಜ್ ಸೋಲು ಎರಡೂ ಹುಟ್ಟಿದ್ದು ಈ ಹಕ್ಕು ಇಲ್ಲದ ಕಡೆ. ವಿಲೀನ ಬೇಕಾದರೆ ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ನೋಡಬಹುದು.

ಸಿಡ್ನಿ, ಮೆಲ್ಬರ್ನ್‌ನಲ್ಲಿ ಇರುವವರು ಮುಂದಿನ ಸಲ ಕೊಯಲಿಷನ್ ಸಂಪುಟದ ಪಟ್ಟಿ ಬಂದಾಗ ಮೊದಲು ನ್ಯಾಷನಲ್ ಪಕ್ಷದ ಹೆಸರುಗಳ ಪಕ್ಕದಲ್ಲಿ ಬರೆದ ಖಾತೆಗಳನ್ನು ಓದಿ. ಹೆಸರಿನಲ್ಲಿ ‘ಪ್ರಾದೇಶಿಕ’ ಅಂತ ಇರುವ ಖಾತೆ ಎಷ್ಟು, ಇಡೀ ರಾಜ್ಯದ ಬಜೆಟ್ ಮುಟ್ಟುವ ಖಾತೆ ಎಷ್ಟು ಅಂತ ಬೇರೆ ಮಾಡಿ. ಪ್ರಾದೇಶಿಕ ಆರೋಗ್ಯದ ಮಂತ್ರಿ ಇದ್ದು, ಆಸ್ಪತ್ರೆಗಳ ದುಡ್ಡು ಮತ್ತು ಡಾಕ್ಟರ್‌ಗಳ ನೇಮಕ ಇನ್ನೊಬ್ಬ ಮಂತ್ರಿಯ ಕೈಯಲ್ಲಿದ್ದರೆ, ಅದನ್ನು ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಮುಂದೆ ಎತ್ತಿ. ಅವರು ಯಾವ ಪಕ್ಷದವರಾದರೂ ಸರಿ, ಉತ್ತರ ಕೊಡಲೇಬೇಕಾದ ಪ್ರಶ್ನೆ ಅದು.